ಹೀಲ್ಸ್ ಹಾಕಿ ದಿನವಿಡೀ ನಿಲ್ಲುವವರು ಈ ಅಂಗಡಿಗೊಮ್ಮೆ ಹೋಗಿಬನ್ನಿ

ಬೆಳಗಾವಿಯ ಖಡೇ ಬಜಾರದಿಂದ ಒಳಕ್ಕೆ ತಿರುಗುವ ಒಂದು ಗಲ್ಲಿಯಲ್ಲಿ, ಬಳೆ ಅಂಗಡಿಗೆ ಹತ್ತಿಕೊಂಡೇ, ಚಪ್ಪಲಿ ರಿಪೇರಿ ಮಾಡುವ ಪುಟ್ಟ ಅಂಗಡಿಯೊಂದಿದೆ. ಬೋರ್ಡ್ ಇಲ್ಲ. ಬಾಗಿಲಿಗೆ ತೂಗುಹಾಕಿದ ಕೊಲ್ಹಾಪುರಿ ಜೋಡಿಗಳೇ ಗುರುತು. ಒಳಗೆ ಕೂತವರು ಅರವತ್ತು ದಾಟಿದ ಅಥಣಿ ಕಡೆಯವರು. ಬಂದವರೆಲ್ಲ ‘ಕಾಕಾ’ ಅಂತಲೇ ಕರೆಯುತ್ತಾರೆ. ಹೈ ಹೀಲ್ಸ್ ಹಾಕಲೇಬೇಕಾದ ಹೆಣ್ಣುಮಕ್ಕಳಿಗೆ ನಮ್ಮೂರಲ್ಲಿ ಇದಕ್ಕಿಂತ ಉಪಕಾರದ ಜಾಗ ನನಗೆ ಗೊತ್ತಿಲ್ಲ.

ನಾನು ಒಂದು ಹೋಟೆಲಿನ ಫ್ರಂಟ್ ಆಫೀಸಿನಲ್ಲಿದ್ದೇನೆ. ಸೀರೆ, ಎತ್ತಿಕಟ್ಟಿದ ಕೂದಲು, ಮೂರು ಇಂಚಿನ ಕಪ್ಪು ಹೀಲ್ಸ್, ಇಷ್ಟೂ ಯೂನಿಫಾರ್ಮ್. ಕೌಂಟರ್ ಹಿಂದೆ ಕುರ್ಚಿ ಇಡುವುದಿಲ್ಲ. ಮದುವೆ ಸೀಸನ್ನಿನಲ್ಲಿ ಶಿಫ್ಟ್ ಮುಗಿಯುವ ಹೊತ್ತಿಗೆ ಮುಂಗಾಲು ಉರಿಯುತ್ತದೆ, ಬೆರಳುಗಳಿಗೆ ಜೋಮು ಹಿಡಿದಿರುತ್ತದೆ. ಜೊತೆಗಿನ ಹುಡುಗಿಯರು ಲಗೇಜ್ ರೂಮಿಗೆ ಹೋಗಿ, ಹೀಲ್ಸ್ ಬಿಚ್ಚಿ, ತಣ್ಣನೆ ನೆಲಕ್ಕೆ ಕಾಲು ಊರಿ ನಿಲ್ಲುವುದನ್ನು ನೋಡಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಚೆಂದ ಕಾಣಬೇಕಾದರೆ ನೋವು ತಿನ್ನಲೇಬೇಕು ಅನ್ನುವವರ ಮಾತು ನಾನು ಒಪ್ಪುವವಳಲ್ಲ.

ಕಾಲುನೋವಿಗೆ ಎಲ್ಲರೂ ಮೊದಲು ಹೇಳುವ ಉಪಾಯ ಆನ್‌ಲೈನಿನಲ್ಲಿ ಸಿಗುವ ಜೆಲ್ ಪ್ಯಾಡ್. ಬೆರಳ ಬುಡದ ದಪ್ಪ ಭಾಗದ ಕೆಳಗೆ ಅಂಟಿಸುವಂಥದ್ದು. ಮೊದಮೊದಲು ಹಿತವಾಗಿರುತ್ತದೆ, ಬೆವರು ಬಂದಮೇಲೆ ಜಾರುತ್ತದೆ. ನನ್ನ ಪ್ಯಾಡ್ ನೋಡಿದ ಕೂಡಲೇ ಕಾಕಾ ಅದನ್ನು ಕಿತ್ತು ಪಕ್ಕಕ್ಕಿಟ್ಟರು. “ತಂಗೀ, ನೋವು ಆಗೋ ಜಾಗಾದ ಕೆಳಗ ಮೆತ್ತಗಿಂದು ಇಟ್ರಷ್ಟ ಸಾಲಂಗಿಲ್ಲ. ಅದರ ಹಿಂದ ಎತ್ತಬೇಕು, ಮುಂದಿಂದು ತಾನ ಹಗುರಾಗತೈತಿ” ಅಂದರು. ಹಿಮ್ಮಡಿ ಎತ್ತರವಾದಷ್ಟೂ ಮೈಭಾರ ಮುಂಗಾಲಿನತ್ತ ಜಾರುತ್ತದೆ. ಆ ಭಾರವೆಲ್ಲ ಬೆರಳ ಬುಡದ ಎಲುಬಿನ ತುದಿಗಳ ಮೇಲೆ ಬೀಳುತ್ತದೆ. ಆ ತುದಿಗಳ ಹಿಂದೆ, ಅಂಗಾಲಿನ ಗುಳಿ ಶುರುವಾಗುವಲ್ಲಿ ಸಣ್ಣ ಆಸರೆ ಕೊಟ್ಟರೆ ಭಾರ ಹಂಚಿಹೋಗುತ್ತದೆ. ಎಲುಬಿನ ಡಾಕ್ಟರುಗಳು ಬರೆದುಕೊಡುವ ಮೆಟಟಾರ್ಸಲ್ ಪ್ಯಾಡ್ ಮಾಡುವ ಕೆಲಸವೂ ಇದೇ.

ಆಸರೆಯ ಜಾಗ ಒಂದು ಬೆರಳಿನಷ್ಟು ಆಚೀಚೆ ಆದರೂ ಕಲ್ಲು ತುಳಿದ ಹಾಗಾಗುತ್ತದೆ. ಅದಕ್ಕೆ ಕಾಕಾ ಒಂದು ಪದ್ಧತಿ ಇಟ್ಟುಕೊಂಡಿದ್ದಾರೆ. ನನ್ನ ಅಂಗಾಲನ್ನು ಹೆಬ್ಬೆರಳಿನಿಂದ ಒತ್ತುತ್ತಾ ಬಂದರು. ನೋವಿದ್ದಲ್ಲಿ ನಾನು ‘ಹ್ಞಾಂ’ ಅಂದೆ. ಅದರ ಹಿಂದೆ, ಎರಡನೇ ಮತ್ತು ಮೂರನೇ ಬೆರಳಿನ ಸಾಲಿನಲ್ಲಿ, ಒದ್ದೆ ಸೀಮೆಸುಣ್ಣದಿಂದ ಒಂದು ಚುಕ್ಕೆ ಇಟ್ಟರು. ಹೀಲ್ಸ್ ಹಾಕಿಸಿ ನಿಲ್ಲಿಸಿದರು, ನಾಲ್ಕು ಹೆಜ್ಜೆ ನಡೆಸಿದರು. ಬಿಚ್ಚಿದಾಗ ಕಪ್ಪು ಇನ್‌ಸೋಲಿನ ಮೇಲೆ ಬಿಳಿ ಚುಕ್ಕೆ ಮೂಡಿತ್ತು. ತೊಗಲಿನ ತುಂಡು ತಗೊಂಡು, ರಂಪಿಗೆ ಅನ್ನುವ ತೊಗಲು ಕೆತ್ತುವ ಉಳಿಯಿಂದ ಅಂಚನ್ನು ಎಷ್ಟು ತೆಳ್ಳಗೆ ಕೆತ್ತಿದರೆಂದರೆ, ಸೀಳಿದ ಬಾದಾಮಿಯ ಹಾಗೆ ನಡುವೆ ಉಬ್ಬಿ ಸುತ್ತಲೂ ಇಳಿದುಹೋಗುವ ಆಕಾರ ಬಂತು. ಎಡಗಾಲಿಗೊಂದು, ಬಲಗಾಲಿಗೊಂದು, ಎರಡೂ ಒಂದೇ ಅಳತೆಯಲ್ಲ. ಅಂಟು ಹಚ್ಚಿ, ಒಣಗಲು ಬಿಟ್ಟು, ಮೇಲೆ ತೆಳು ತೊಗಲಿನ ಹೊದಿಕೆ ಕೂರಿಸಿದರು.

ಈ ತೊಗಲೇ ಇಲ್ಲಿಯ ವಿಶೇಷ. ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ್ದು, ಕೊಲ್ಹಾಪುರಿ ಚಪ್ಪಲಿಗೆ ಬಳಸುವಂಥದ್ದೇ. ಬೆವರು ಹೀರುತ್ತದೆ, ಹಾಕುತ್ತಾ ಹಾಕುತ್ತಾ ಅವರವರ ಕಾಲಿನ ಆಕಾರಕ್ಕೆ ಕೂಡುತ್ತದೆ. ಕೊಲ್ಹಾಪುರಿಗೆ 2019ರಲ್ಲಿ ಭೌಗೋಳಿಕ ಸೂಚಕ (ಜಿಐ ಟ್ಯಾಗ್), ಅಂದರೆ ಇದು ಇಂಥ ಪ್ರದೇಶದ ಸರಕು ಅನ್ನುವ ಅಧಿಕೃತ ಗುರುತು, ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಕ್ಕೂ ಅದರಲ್ಲಿ ಪಾಲು ಬಂತು. ಆದರೂ ಹೆಸರು ಕೇಳಿದವರು ಅದನ್ನು ಆಚೆ ಊರಿನದ್ದೇ ಅಂದುಕೊಳ್ಳುತ್ತಾರೆ. ಅಥಣಿ, ನಿಪ್ಪಾಣಿ ಕಡೆ ಮನೆಮನೆಯಲ್ಲಿ ಕೂತು ಮೊಳೆಯಿಲ್ಲದೆ ಚಪ್ಪಲಿ ಹೊಲಿದ ಕೈಗಳ ತಿಳಿವಳಿಕೆ ನನ್ನ ಪ್ಲಾಸ್ಟಿಕ್ ಹೀಲ್ಸಿಗೂ ಕೆಲಸಕ್ಕೆ ಬಂತಲ್ಲ ಅಂತ ನನಗೆ ನಿಜವಾಗಿ ಹೆಮ್ಮೆ.

ಹಿಮ್ಮಡಿ ಎದ್ದು ಎದ್ದು ಬರುವುದಕ್ಕೂ ಮದ್ದಿದೆ. ಒಳಗೆ ಹಿಂಭಾಗಕ್ಕೆ ಸ್ವೇಡ್ ಅನ್ನುವ ನವಿರು ತೊಗಲಿನ ಪಟ್ಟಿ ಅಂಟಿಸಿದರು. ಕಾಲು ಮುಂದಕ್ಕೆ ಜಾರುವುದು ನಿಂತಿತು, ಬೆರಳು ತುದಿಗೆ ಗುದ್ದಿಕೊಳ್ಳುವುದೂ ನಿಂತಿತು. ಸವೆದ ಹೀಲ್ ತುದಿಗೆ ರಬ್ಬರ್ ಹಾಕಿದರು. ಅದು ಒಂದು ಕಡೆ ಓರೆಯಾಗಿ ಸವೆದರೆ ಕಾಲಗಂಟೂ ಅದೇ ಕಡೆ ವಾಲುತ್ತದೆ, ತಡಮಾಡಬೇಡಿ. ಕೆಳಗೆ ತೆಳು ರಬ್ಬರ್ ಸೋಲ್ ಹಾಕಿಸುವುದು ನಮ್ಮೂರ ಮಳೆಗಾಲಕ್ಕೆ ಬೇಕೇಬೇಕು. ಒದ್ದೆ ಗ್ರಾನೈಟ್ ಮೇಲೆ ಪ್ಲಾಸ್ಟಿಕ್ ಸೋಲ್ ನಂಬುವಂಥದ್ದಲ್ಲ.

ನನಗೆ ಹೆಚ್ಚು ಹಿಡಿಸಿದ್ದು ಅವರು ‘ಆಗಂಗಿಲ್ಲ’ ಅನ್ನುವ ರೀತಿ. ಮೂರು ಇಂಚಿನದನ್ನು ಎರಡಕ್ಕೆ ಕತ್ತರಿಸಿಕೊಡಿ ಅಂತ ಕೇಳಿದೆ. ಅರ್ಧ ಇಂಚು ದಾಟಿದರೆ ಮುಂಭಾಗ ಮೇಲಕ್ಕೆದ್ದು ಚಪ್ಪಲಿ ಹಿಂದಕ್ಕೆ ವಾಲುತ್ತದೆ, ಒಳಗಿನ ಉಕ್ಕಿನ ಪಟ್ಟಿ ಆ ಎತ್ತರಕ್ಕೇ ಬಾಗಿಸಿದ್ದು ಅಂತ ತೋರಿಸಿ, ಕಾಲು ಇಂಚು ಮಾತ್ರ ತೆಗೆದರು. ಗೆಳತಿಯೊಬ್ಬಳ ರೆಕ್ಸಿನ್ ಹೀಲ್ಸ್ ಅಗಲ ಮಾಡುವುದಿಲ್ಲ ಅಂದರು. ತೊಗಲಾದರೆ ಒದ್ದೆ ಮಾಡಿ ಕಟ್ಟಿಗೆ ಅಚ್ಚಿಗೆ ಏರಿಸಿ ಒಂದು ರಾತ್ರಿ ಬಿಟ್ಟರೆ ಹಿಗ್ಗುತ್ತದೆ, ರೆಕ್ಸಿನ್ ಹಾಗಲ್ಲ. ಹೇರ್ ಡ್ರೈಯರ್ ಹಿಡಿದರೆ ಅಂಟೇ ಬಿಡುತ್ತದೆ. ಅವಳ ಕೈಯಿಂದ ಒಂದು ರೂಪಾಯಿ ತಗೊಳ್ಳದೆ ಕಳಿಸಿದರು. ರಾತ್ರಿ ಮಲಗಿದಾಗಲೂ ಬೆರಳ ಜೋಮು ಹೋಗದಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ತನ್ನ ಹತ್ತಿರ ಬರಬೇಡಿ, ಡಾಕ್ಟರ್ ಹತ್ತಿರ ಹೋಗಿ ಅಂತಲೂ ಹೇಳುತ್ತಾರೆ.

ಕೊರತೆ ಇಲ್ಲವೇ? ಇದೆ. ಹೇಳಿದ ದಿನಕ್ಕೆ ಕೊಡುವುದಿಲ್ಲ. ಗಣಪತಿ ಹಬ್ಬದ ಹೊತ್ತಿಗಂತೂ ‘ನಾಳೆ ಬಾ ತಂಗೀ’ ಅನ್ನುವುದು ಮುಗಿಯುವುದೇ ಇಲ್ಲ. ಮಳೆಯಲ್ಲಿ ನೆಂದಮೇಲೆ ಬಲಗಾಲಿನ ಹೊದಿಕೆ ಅಂಚಿನಲ್ಲಿ ಎದ್ದಿತ್ತು. ಪುಕ್ಕಟೆ ಅಂಟಿಸಿಕೊಟ್ಟರು, ಆದರೆ ಮತ್ತೊಮ್ಮೆ ಹೋಗಬೇಕಾಯಿತು. ಒಳಗಿನ ತೊಗಲಿನ ಬಣ್ಣವೂ ಹೊಂದುವುದಿಲ್ಲ. ತೆರೆದ ಸ್ಯಾಂಡಲ್ ಆದರೆ ಕಾಣುತ್ತದೆ. ಪೆನ್ಸಿಲ್ ಹೀಲ್ ಹಾಕುವವರು ಪವಾಡ ನಿರೀಕ್ಷಿಸಬೇಡಿ. ನನ್ನದು ಅಗಲ ಹಿಮ್ಮಡಿಯ ಜೋಡಿಯಾದ್ದರಿಂದ ಶಿಫ್ಟ್ ಕೊನೆಯವರೆಗೂ ಉರಿ ಇಲ್ಲದೆ ನಿಲ್ಲುತ್ತಿದ್ದೇನೆ. ಮೀನಖಂಡದ ಸೆಳೆತ ಮಾತ್ರ ಇದ್ದೇ ಇದೆ, ಅದಕ್ಕೆ ಮನೆಗೆ ಬಂದು ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಕೆಳಗಿಳಿಸಿ ಎಳೆಯುತ್ತೇನೆ.

ಪ್ಯಾಡ್, ಹಿಮ್ಮಡಿ ಪಟ್ಟಿ, ಹೀಲ್ ರಬ್ಬರ್, ಸೋಲ್ ಎಲ್ಲ ಸೇರಿ ನನಗೆ 380 ರೂಪಾಯಿ ಆಯಿತು. ಫೋನ್‌ಪೇ ನಡೆಯುತ್ತದೆ. ಹೋಗುವಾಗ ಸಂಜೆ ಹೋಗಿ, ಕೆಲಸ ಮುಗಿಸಿ ಬಾತ ಕಾಲಿನ ಅಳತೆಯೇ ಸರಿಯಾದ ಅಳತೆ. ಸಾಕ್ಸ್ ಹಾಕುವವರು ಅದನ್ನೂ ತಗೊಂಡು ಹೋಗಿ.