ಈಜಿಪ್ಟ್ ಅಗಿಯೋ ಕಿಟ್: ಗಚ್ಚಿನ ಇಟ್ಟಂಗಿಗಿ ಪೂರಾ ಮಾರ್ಕ್ಸ್, ಚಾರ್ಟಿಗಿ ಕೊಡಂಗಿಲ್ಲ

ಬ್ಯಾಸಗಿ ಸೂಟಿ ಶುರು ಆಗಿ ನಾಕು ದಿನ ಆಗಿತ್ತು, ಹನ್ನೊಂದು ಗಂಟಿ ಮ್ಯಾಲ ಕಲಬುರಗಿ ಬಿಸಿಲಿಗಿ ಓಣ್ಯಾಗ ಒಂದು ನಾಯಿನೂ ಕಾಣಂಗಿಲ್ಲ, ಮಗಳು ಆರನೇ ಕ್ಲಾಸ್ ಮುಗಿಸಿ ದಿನಾ ಮೊಬೈಲ್ ಹಿಡ್ಕೊಂಡು ಕೂಡ್ಲಿಕ್ಕತ್ತಿದ್ಲು. ಸೂಪರ್ ಮಾರ್ಕೆಟ್ ಕಡಿ ಒಂದು ಆಟಗಿ ಸಾಮಾನಿನ ಅಂಗಡ್ಯಾಗ ಗಚ್ಚು ಅಗದು ಒಳಗಿನ ಗೊಂಬಿ ತೆಗಿಯೋ ಈ ಆಟದ ಡಬ್ಬಿ ಕಂಡ್ತು, ಮ್ಯಾಲ ಈಜಿಪ್ಟಿನ ರಾಜ ಟುಟಾಂಖಾಮುನ್‌ನ ಬಂಗಾರದ ಮುಖವಾಡದ ಚಿತ್ರ, ಕೆಳಗ ಪಿರಮಿಡ್ಡು. ರೇಟು 849 ಬರ್ದಿತ್ತು, ಕೇಳಿ ಕೇಳಿ 780ಕ್ಕ ತಗೊಂಡ್ ಬಂದೆ. ನಾನು ಹೈಸ್ಕೂಲಿನ್ಯಾಗ ಸಮಾಜ ವಿಜ್ಞಾನ ಹೇಳಾಕಿ, ಇಂಥಾದ್ದು ಕಂಡ್ರ ಕೈ ತಾನೇ ಮುಂದ ಹೋಗ್ತದ. ಕಂಪನಿ ಹೆಸ್ರು ಇಲ್ಲಿ ಬರಿಯಂಗಿಲ್ಲ, ಯಾಕಂದ್ರ ಇಂಥಾ ಕಿಟ್ ಈಗ ನಾಕೈದು ಕಂಪನಿಯವು ಬರ್ತಾವ, ಒಳಗಿನ ಮಾಲು ಹೆಚ್ಚು ಕಮ್ಮಿ ಒಂದೇ ಅನಸ್ತದ, ನೀವು ತಗೊಳ್ಳಾಕ ಹೊಂಟಿದ್ರ ಇದು ಉಪಯೋಗ ಆಗ್ಲಿ ಅಂತ ಬರಿಲಿಕ್ಕತ್ತೀನಿ.

ಡಬ್ಬ್ಯಾಗ ಏನೇನದ ಅಂದ್ರ, ಇಟ್ಟಂಗಿ ಸೈಜಿನ ಗಚ್ಚಿನ ಗಟ್ಟಿ ಒಂದು, ಪ್ಲಾಸ್ಟಿಕ್ ಉಳಿ, ಸಣ್ಣ ಕಟಗಿ ಸುತ್ತಗಿ, ಬ್ರಷ್ಷು, ಪ್ಯಾಪಿರಸ್ (ಈಜಿಪ್ಟಿನ ಹಳೇ ಕಾಗದ) ಅಂತ ಹೇಳಿ ಒಂದು ಹಾಳಿ, 24 ಪುಟದ ಪುಸ್ತಕ, ಮಡಚಿದ ಉದ್ದನ ಚಾರ್ಟು. ಗಚ್ಚಿನೊಳಗ ಆರು ಸಾಮಾನು ಹುಗದಾರ. ಇಂಗ್ಲಿಷು ಹಿಂದಿ ಅದ, ಕನ್ನಡ ಒಂದಕ್ಷರನೂ ಇಲ್ಲ. ನಮ್ಮಲ್ಲೇ ಎಷ್ಟೋ ಸಾಲಿ ಹುಡುಗ್ರು ಚಿತ್ರ ನೋಡಿ ಡಬ್ಬಿ ಕೆಳಗಿಡಬೇಕಾಗ್ತದ, ಒಂದು ಹಾಳಿ ಕನ್ನಡದಾಗ ಹಾಕಿದ್ರ ಕಂಪನಿಗಿ ಎಷ್ಟು ಖರ್ಚು ಬರ್ತಿತ್ತು ಹೇಳ್ರಿ.

ಈಗ ಅಗಿಯೋ ಕೆಲಸ. ಪಡಸಾಲ್ಯಾಗ ಫರ್ಸಿ ಮ್ಯಾಲ ಪೇಪರ್ ಹಾಸಿ, ಫ್ಯಾನ್ ಬಂದ್ ಮಾಡಿ ಕುಂತಿವಿ, ಫ್ಯಾನ್ ಇದ್ರ ಧೂಳು ಕಣ್ಣಿಗಿ ಮೂಗಿಗಿ ಹೋಗ್ತದ, ಇದು ಡಬ್ಬಿ ಮ್ಯಾಲ ಬರ್ದಿಲ್ಲ. ಮಗಳು ಶುರುಕ್ಕೇ ಸುತ್ತಗಿ ಎತ್ತಿ ಧಡ್ ಅಂತ ಹೊಡದ್ಲು, ಒಂದು ಮೂಲಿ ಒಡದು ಬೆಕ್ಕಿನ ಗೊಂಬಿ ಕಿವಿ ಹಾರಿ ಹೋಯ್ತು, ಅಳಾಕ ಶುರು. ನಮ್ಮಪ್ಪ ಹೊರಗಿನಿಂದ ಎದ್ದು ಬಂದ್ರು. ಅಪ್ಪ ಶಹಾಬಾದ ಕಡಿ ಫರ್ಸಿ ಖಣ್ಯಾಗ ಮೂವತ್ತು ವರ್ಷ ದುಡದಾವ್ರು, ಬಲಗೈ ಹೆಬ್ಬೆರಳಿನ ಉಗುರು ಈಗೂ ಸೊಟ್ಟ ಅದ. ಏನೂ ಮಾತಾಡ್ಲಿಲ್ಲ, ಉಳಿ ತಗೊಂಡು ನೆಟ್ಟಗ ಹಿಡಿಲಾರ್ದ ಓರಿ ಮಾಡಿ ಹಿಡದ್ರು, ಸಣ್ಣಗ ಟಕ್ ಟಕ್ ಟಕ್ ಅಂತ ಒಂದೇ ಗೆರಿ ಮ್ಯಾಲ ಬಡಕೊಂತ ಹೋದ್ರು, ಕಿವಿ ಹತ್ರ ತಂದು ಸಪ್ಪಳ ಕೇಳಿದ್ರು, ಒಳಗ ಪೊಳ್ಳು ಇದ್ರ ಸಪ್ಪಳ ಬ್ಯಾರೆ ಬರ್ತದ ಅಂತ ಹುಡುಗಿಗಿ ತೋರ್ಸಿದ್ರು. ಅಲ್ಲಿಂದ ಎರಡು ದಿನ ಮೊಬೈಲ್ ಯಾರಿಗೂ ನೆನಪಾಗ್ಲಿಲ್ಲ. ಬ್ರಷ್ಷಿಲೇ ಧೂಳು ಸರಿಸಿ ಸರಿಸಿ ಮೊದ್ಲು ಜೀರುಂಡಿ, ಆಮ್ಯಾಲ ನರಿ ತಲಿ ದೇವ್ರು ಅನುಬಿಸ್, ಮಡಕಿ, ಮುಖವಾಡ, ಕಡೀಕ ಪೆಟಗಿ ಒಳಗಿನ ಮಮ್ಮಿ. ಗಚ್ಚಿನ ಗಟ್ಟಿ ಅಗದಿ ಛಲೋ ಮಾಡ್ಯಾರ, ಭಾಳ ಮೆತ್ತಗೂ ಇಲ್ಲ ಬಿರುಸೂ ಇಲ್ಲ. ಮತ್ತ ಒಂದು ಮಾತು, ಇದು ಜಿಪ್ಸಮ್ ಗಚ್ಚು, ಪಿರಮಿಡ್ಡಿನ ಕಲ್ಲಿನ ನಡುವ ಅವ್ರು ತುಂಬಿದ್ದೂ ಜಿಪ್ಸಮ್ ಗಚ್ಚೇ, ಇದನ್ನ ಪುಸ್ತಕದಾಗ ಒಂದು ಸಾಲು ಬರಿಬೋದಿತ್ತು, ಬರ್ದಿಲ್ಲ.

ಬ್ರಷ್ಷಿನ ಹಿಡಿ ಎರಡನೇ ದಿನಕ್ಕೇ ಕಿತ್ತು ಬಂತು. ಮುಖವಾಡದ ಬಂಗಾರ ಬಣ್ಣ ಉಳಿ ತಾಗಿದ ಕಡಿ ಹೋಗ್ಯದ. ಇವು ಸಣ್ಣ ಮಾತು, ಬಿಡ್ರಿ.

ಪ್ಯಾಪಿರಸ್ ಅಂತ ಕೊಟ್ಟ ಹಾಳಿ ಮಾತ್ರ ಮೋಸ. ಖರೇ ಪ್ಯಾಪಿರಸ್ ಬೆಳಕಿಗಿ ಹಿಡದ್ರ ಒಳಗ ಅಡ್ಡ ಉದ್ದ ಪಟ್ಟಿ ಕಾಣ್ತಾವ, ಚಾಪಿ ಹೆಣದಂಗ ಕಾಣ್ತದ ಆದ್ರ ಹೆಣದಿದ್ದಲ್ಲ, ನೀರಾಗ ಬೆಳಿಯೋ ಆ ಜೊಂಡಿನ ಒಳಗಿನ ತಿರುಳು ತೆಳ್ಳಗ ಸೀಳಿ ಒಂದು ಪದರು ಉದ್ದ, ಅದ್ರ ಮ್ಯಾಲ ಇನ್ನೊಂದು ಪದರು ಅಡ್ಡ ಇಟ್ಟು ಒತ್ತಿ ಒಣಗಿಸ್ತಿದ್ರು. ಇದನ್ನ ಕಿಟಕಿಗಿ ಹಿಡದು ನೋಡಿದ್ರ ಬರೇ ಪ್ರಿಂಟು, ಪಟ್ಟಿ ಚಿತ್ರ ಬರ್ದಾರ ಅಷ್ಟೇ. ನಾನು ಮಗಳಿಗಿ ಬಾಳಿ ದಿಂಡಿನ ಪದರು ಬಿಚ್ಚಿ ಹಂಗ ಇಟ್ಟು ಮ್ಯಾಲ ಕಲ್ಲು ಹೇರಿ ತೋರ್ಸಿದೆ, ಕಾಗದ ಆಗ್ಲಿಲ್ಲ, ಆದ್ರ ವಿಷಯ ಆಕಿಗಿ ತಿಳೀತು.

ಇನ್ನ ಚಾರ್ಟಿಗಿ ಬರ್ತೀನಿ, ಈ ರಿವ್ಯೂ ಬರಿಯಾಕ ಕಾರಣನೇ ಅದು. ನಡುವ ದೊಡ್ಡದೊಂದು ಚಿತ್ರ, ಪಿರಮಿಡ್ ಕಟ್ಟೋ ಮಂದಿ ಮೈಮ್ಯಾಲ ಬರೇ ಲಂಗೋಟಿ, ಒಬ್ಬ ಬಾರುಕೋಲು ಹಿಡದು ಹೊಡಿಲಿಕ್ಕತ್ಯಾನ, ಕೆಳಗ ಸಾವಿರಾರು ಗುಲಾಮ್ರು ಕಟ್ಟಿದ್ರು ಅಂತ ಬರ್ದಾರ. ನಮ್ಮಪ್ಪ ಅದನ್ನ ಭಾಳ ಹೊತ್ತು ನೋಡಿದ್ರು, ಇಷ್ಟು ನೇರ ಮೂಲಿ ಹೊಡತ ತಿಂದವನ ಕೈಯಾಗ ಬರ್ತದೇನು ಅಂದ್ರು. ಖಣ್ಯಾಗ ದುಡದ ಮನಷ್ಯಾನ ಮಾತದು, ಮತ್ತ ಮಣ್ಣಾಗ ಸಿಕ್ಕ ಸಾಕ್ಷಿನೂ ಅದನ್ನೇ ಹೇಳ್ತಾವ. ಗೀಜಾದಾಗ ಪಿರಮಿಡ್ಡಿನ ಬಾಜೂಕೇ ಕೂಲಿಕಾರ್ರ ಊರು ಸಿಕ್ಕದ, ರೊಟ್ಟಿ ಸುಡೋ ಭಟ್ಟಿ, ದನದ್ದು ಕುರಿದು ಎಲುಬು ರಾಶಿ ರಾಶಿ. 1990ರಾಗ ಅಲ್ಲೇ ಅವ್ರ ಗೋರಿಗಳು ಸಿಕ್ವು, ರಾಜನ ಗೋರಿ ನೆರಳಿನ್ಯಾಗ ಗುಲಾಮ್ರಿಗಿ ಯಾರು ಗೋರಿ ಕಟ್ಟಿಕೊಡ್ತಾರ. ಮುರದ ಕೈಕಾಲಿನ ಎಲುಬು ಕಟ್ಟು ಹಾಕಿಸ್ಕೊಂಡು ಕೂಡಿದ್ದೂ ಕಾಣ್ತದ, ಅಂದ್ರ ಪೆಟ್ಟಾದವ್ರಿಗಿ ಉಪಚಾರ ಇತ್ತು. ಹಂಗಂತ ಎಲ್ಲಾರೂ ಖುಷಿಲೇ ಬಂದಿದ್ರು ಅಂತಲ್ಲ, ಊರೂರಿಂದ ಪಾಳಿ ಪ್ರಕಾರ ಮಂದಿ ಕರಸ್ತಿದ್ರು, ನಮ್ಮಲ್ಲಿ ಬಿಟ್ಟಿ ಅಂತಿದ್ರಲ್ಲ ಆ ನಮೂನಿ, ಆದ್ರ ಊಟ ಸರ್ಕಾರದ್ದು. ಅವ್ರ ಗುಂಪಿನ ಹೆಸ್ರು ಕಲ್ಲಿನ ಮ್ಯಾಲ ಬರ್ದಾರ, ಒಂದು ಗುಂಪಿನ ಹೆಸ್ರು ಖುಫುವಿನ ಗೆಳ್ಯಾರು, ಖುಫು ಅಂದ್ರ ಗೀಜಾದ ದೊಡ್ಡ ಪಿರಮಿಡ್ ಕಟ್ಟಿಸಿದ ರಾಜ.

ಮತ್ತ ಮೆರೆರ್ ಅಂತ ಒಬ್ಬ ಮೇಸ್ತ್ರಿ ಇದ್ದ ನೋಡ್ರಿ, ಅವನ ದಿನಚರಿ 2013ರಾಗ ಕೆಂಪು ಸಮುದ್ರದ ದಂಡ್ಯಾಗ ವಾದಿ ಅಲ್ ಜರ್ಫ್ ಅನ್ನೋ ಕಡಿ ಸಿಕ್ತು, ಬರಹ ಇರೋ ಪ್ಯಾಪಿರಸ್ಸಿನ್ಯಾಗ ಇದಕ್ಕಿಂತ ಹಳೇದು ಇನ್ನೊಂದು ಸಿಕ್ಕಿಲ್ಲ. ಅದ್ರಾಗ ಏನದ ಅಂದ್ರ ನಮ್ ಲಾರಿ ಡ್ರೈವರ್ ಬರಿಯೋ ಖೇಪಿನ ಲೆಕ್ಕ. ತುರಾ ಖಣ್ಯಾಗ ಬಿಳಿ ಸುಣ್ಣಗಲ್ಲು ಹಡಗಿನ್ಯಾಗ ತುಂಬಿದ್ವಿ, ನದಿ ದಾಟಿ ಗೀಜಾಕ್ಕ ಇಳಿಸಿದ್ವಿ, ರಾತ್ರಿ ಇಲ್ಲಿ ಇದ್ವಿ. ಹತ್ತು ದಿನಕ್ಕ ಎರಡ್ಮೂರು ಖೇಪು. ಸುಣ್ಣಗಲ್ಲು ಅಂದ್ರ ನಮ್ ಶಹಾಬಾದ ಫರ್ಸಿನೂ ಅದೇ ಜಾತಿ ಕಲ್ಲು. ಇದನ್ನ ಓದಿ ಹೇಳಿದಾಗ ನಮ್ಮಪ್ಪ ಕೇಳಿದ್ದು ಒಂದೇ ಪ್ರಶ್ನಿ, ಕಬ್ಬಿಣದ ಉಳಿ ಇತ್ತೇನು. ಇರ್ಲಿಲ್ಲ, ತಾಮ್ರದ ಉಳಿ. ಖುಫುವಿನ ಪಿರಮಿಡ್ ಕಟ್ಟಿದ್ದು ಕ್ರಿ.ಪೂ. 2600ರ ಆಸುಪಾಸು, 23 ಲಕ್ಷದಷ್ಟು ಕಲ್ಲು, ಆಗ ಎತ್ತರ 146 ಮೀಟರ್, ತಾಮ್ರ ಮೆತ್ತಗಿನ ಲೋಹ, ದಿನಕ್ಕ ಎಷ್ಟು ಸಲ ಮಸಿಬೇಕಾಗಿತ್ತೋ ಅಂತ ಅಪ್ಪ ರಾತ್ರಿ ಊಟಕ್ಕ ಕುಂತಾಗೂ ಅದನ್ನೇ ಹೇಳ್ತಿದ್ರು. ಇಂಥಾ ಮಂದಿನ ಬಾರುಕೋಲಿನ ಕೆಳಗ ಬಗ್ಗಿದ ಚಿತ್ರ ಮಾಡಿ ಮಕ್ಕಳ ಕೈಯಾಗ ಕೊಡೋದು ನನಗ ಸಹಿಸ್ಲಿಕ್ಕೆ ಆಗ್ಲಿಲ್ಲ. ಹಿಂದಾಗಡಿ ಮೂರನೇ ರಾಮ್ಸೆಸ್ ರಾಜನ ಆಳ್ವಿಕಿಯ 29ನೇ ವರ್ಷದಾಗ ರಾಜರ ಗೋರಿ ಕೊರಿಯೋ ಕೆಲಸಗಾರ್ರು ಕೂಲಿ ಕಾಳು ಬರ್ಲಿಲ್ಲಂತ ಕೆಲಸ ಬಿಟ್ಟು ಗುಡಿ ಹಿಂದ ಹೋಗಿ ಕುಂತ್ರು, ಬರವಣಿಗ್ಯಾಗ ಉಳದ ಮೊದಲ್ನೇ ಮುಷ್ಕರ ಅಂತ ಅದನ್ನೇ ಹೇಳ್ತಾರ. ಅದರ ಚಿತ್ರ ಹಾಕ್ರಿ ಚಾರ್ಟಿನ್ಯಾಗ.

ಎರಡನೇ ತಕರಾರು, ಚಾರ್ಟಿನ್ಯಾಗ ಮಣ್ಣೇ ಇಲ್ಲ. ಬಂಗಾರ ಅದ, ಮಮ್ಮಿ ಅದ, ರಾಜರು ಅದಾರ, ಅವ್ರೆಲ್ಲಾ ಏನು ತಿಂದು ಬದುಕಿದ್ರು ಅನ್ನೋದಿಲ್ಲ. ಒಂದು ಮೂಲ್ಯಾಗ ಶಾದೂಫ್ ಅಂತ ಬರ್ದು ನೀರೆತ್ತೋ ಸಣ್ಣ ಚಿತ್ರ ಅದ, ಅದನ್ನ ನಮ್ಮತ್ತಿ ನೋಡಿದ್ರು, ಇದು ನಮ್ ಯಾತ ಅಲ್ಲೇನು, ನಮ್ ತವರಿನ್ಯಾಗ ಬಾವಿಗಿ ಇತ್ತು ಅಂದ್ರು. ಖರೇನೇ ಯಾತ. ಅತ್ತಿದು ಜೇವರ್ಗಿ ಕಡಿ ಊರು, ಭೀಮಾ ದಂಡಿ, ಎರಿ ಹೊಲ. ನಾನು ಹೇಳ್ದೆ, ಈಜಿಪ್ಟಿನ ಮಂದಿ ತಮ್ ದೇಶಕ್ಕ ಕೆಮೆತ್ ಅಂತಿದ್ರು, ಅಂದ್ರ ಕರಿ ಭೂಮಿ, ಆಚೀಕಿನ ಮರಳುಗಾಡಿಗಿ ದೆಶ್ರೆತ್, ಕೆಂಪು ಭೂಮಿ. ಅತ್ತಿ ತಕ್ಷಣ ಅಂದ್ರು, ಎರಿ ಮತ್ತ ಮಸಾರಿ. ಅದಕ್ಕಿಂತ ಛಲೋ ಅನುವಾದ ನಾನು ಇಪ್ಪತ್ತು ವರ್ಷ ಪಾಠ ಹೇಳಿನೂ ಮಾಡಿದ್ದಿಲ್ಲ.

ಅಲ್ಲಿಂದ ಮಾತು ಬೆಳೀತು. ಆಗ ಈಜಿಪ್ಟಿನ್ಯಾಗ ಮಳಿ ಇಲ್ಲಂದ್ರೂ ನಡೀತಿತ್ತು, ನೈಲ್ ನದಿಗಿ ನೆರಿ ಬರಬೇಕಿತ್ತು. ದೂರದ ಇಥಿಯೋಪಿಯಾದ ಗುಡ್ಡದ ಮ್ಯಾಲ ಮಳಿಗಾಲದ ಮಳಿ ಆಗ್ತದ, ನಮ್ಮಲ್ಲಿ ಮಿರ್ಗಾ ಮಳಿ ಬರೋ ಹೊತ್ತಿನ್ಯಾಗ ಈಜಿಪ್ಟಿನ್ಯಾಗ ನದಿ ಏರಾಕ ಶುರು ಆಗ್ತಿತ್ತು, ಹೊಲಕ್ಕೆಲ್ಲಾ ನೀರು, ಒಡ್ಡು ಹಾಕಿ ತಿಂಗಳಿಗಿಂತ ಹೆಚ್ಚು ನಿಲ್ಲಿಸ್ತಿದ್ರು, ನೀರು ಇಳದ ಮ್ಯಾಲ ಕರಿ ಗೋಡು ಉಳಿತಿತ್ತು, ಆ ಹಸಿಮ್ಯಾಲ ಗೋದಿ, ಜವೆಗೋದಿ ಬಿತ್ತಿಬಿಟ್ರ ಆಯ್ತು, ಮುಂದ ಮಳಿ ಬೇಕಿರ್ಲಿಲ್ಲ. ಅತ್ತಿ ಅಂದ್ರು, ನಮ್ ಹಿಂಗಾರಿ ಬಿಳಿ ಜ್ವಾಳನೂ ಹಂಗೇ ಅಲ್ಲೇನು, ಎರಿ ತನ್ನ ಹೊಟ್ಯಾಗ ಹಸಿ ಇಟ್ಕೊಂಡಿರ್ತದ, ಇಬ್ಬನಿ ಕುಡದು ಬೆಳಿತದ. ಅವ್ರ ವರ್ಷದಾಗ ಮೂರೇ ಕಾಲ, ನೆರಿ, ಬಿತ್ತಗಿ, ಸುಗ್ಗಿ. ಮೂವತ್ತು ದಿನದ ಹನ್ನೆರಡು ತಿಂಗಳು, ಮ್ಯಾಲ ಐದು ದಿನ, 365. ಆ ಲೆಕ್ಕ ಹುಟ್ಟಿದ್ದು ಹೊಲದಿಂದ. ರಾಶಿ ಹೆಚ್ಚಾದಾಗ ಹಗೇವು ಬೇಕು, ಹಗೇವು ಇದ್ರ ಲೆಕ್ಕ ಬರಿಯಾಂವ ಬೇಕು, ಅದನ್ನ ಕಾಯಾಕ ಸಿಪಾಯಿ, ಮ್ಯಾಲ ರಾಜ. ಕ್ರಿ.ಪೂ. 3100ರ ಸುಮಾರಿಗಿ ನಾರ್ಮರ್ ರಾಜ ಈಜಿಪ್ಟಿನ ಮ್ಯಾಲಿನ ನಾಡು ಕೆಳಗಿನ ನಾಡು ಒಂದು ಮಾಡಿದ ಅಂತ ಚಾರ್ಟು ಅಲ್ಲಿಂದ ಶುರು ಆಗ್ತದ, ಅದಕ್ಕಿಂತ ಮೊದ್ಲು ಸಾವಿರಾರು ವರ್ಷ ಬಿತ್ತಿದವ್ರು ಎಲ್ಲಿ ಹೋದ್ರು.

ಸುಮೇರು (ಈಗಿನ ಇರಾಕ್ ಕಡಿ), ಸಿಂಧೂ ಎರಡೂ ಸೇರಿ ಚಾರ್ಟಿನ ಅಂಚಿನ್ಯಾಗ ಬೆಂಕಿಪೊಟ್ಟಣದಷ್ಟು ಜಾಗ ಕೊಟ್ಟಾರ. ಸುಮೇರಿನ ಉರುಕ್ ಪಟ್ಟಣದಾಗ ಕ್ರಿ.ಪೂ. 3300ರ ಆಸುಪಾಸಿಗೇ ಹಸಿ ಮಣ್ಣಿನ ಹಲಗಿ ಮ್ಯಾಲ ಜವೆಗೋದಿ, ಕುರಿ ಲೆಕ್ಕ ಬರಿತಿದ್ರು. ಅಲ್ಲಿ ಟೈಗ್ರಿಸ್, ಯೂಫ್ರೆಟಿಸ್ ನೆರಿ ಬರೋದು ಬೆಳಿ ಕೊಯ್ಲಿಗಿ ಬಂದಾಗ, ಅದಕ್ಕ ಕಾಲಿವಿ ತೋಡೋದು ಅವ್ರಿಗಿ ಜೀವನದ ಪ್ರಶ್ನಿ ಆಗಿತ್ತು. ಸಿಂಧೂ ಕಡಿಯ ಕೆಂಪು ಕಲ್ಲಿನ ಮಣಿ ಸುಮೇರಿನ ಉರ್ ಪಟ್ಟಣದ ಗೋರ್ಯಾಗ ಸಿಕ್ಕಾವ. ಮತ್ತ ನಮ್ದೇ ಸುರಪುರ ತಾಲೂಕಿನ ಬೂದಿಹಾಳದಾಗ ಸುಮಾರು 4000 ವರ್ಷದ ಹಿಂದ ದನ ಕಾಯೋ ಮಂದಿ ಸಗಣಿ ರಾಶಿ ಸುಟ್ಟ ಬೂದಿ ದಿಬ್ಬ ಇವೆ, ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವ್ರು ಉತ್ಖನನ ಮಾಡಿದ ಜಾಗ. ಅಲ್ಲಿ ಪಿರಮಿಡ್ ಹಳೇದಾಗ್ಲಿಕ್ಕತ್ತಿದ್ದಾಗ ಇಲ್ಲಿ ನಮ್ ಮಂದಿ ದನ ಕಟ್ಟಿದ್ರು ಅಂತ ಹೇಳಿದ್ಮ್ಯಾಲ ಮಗಳ ಕಣ್ಣು ಬ್ಯಾರೆನೇ ಆಯ್ತು. ಎರಡನೇ ರಾಮ್ಸೆಸ್ ಸತ್ತದ್ದು ಕ್ರಿ.ಪೂ. 1213ರಾಗ, ಅವನ ಮಮ್ಮಿ ಮೂಗಿನ್ಯಾಗ ಕರಿ ಮೆಣಸಿನ ಕಾಳು ಸಿಕ್ಕಾವ, ಮೆಣಸು ಅಂದ್ರ ನಮ್ ದಕ್ಷಿಣದ ಘಟ್ಟದ ಬೆಳಿ. ಮಗಳು ಅಡಗಿ ಮನಿಗಿ ಹೋಗಿ ಮಸಾಲಿ ಡಬ್ಬ್ಯಾಗಿನ ಎರಡು ಕಾಳು ತಂದು ಆ ಪ್ಲಾಸ್ಟಿಕ್ ಮಮ್ಮಿ ಬಾಜೂಕ ಇಟ್ಲು, ಈಗೂ ಅಲ್ಲೇ ಅವ.

ಪುಸ್ತಕದಾಗ ಮಮ್ಮಿ ಮಾಡೋ ಭಾಗ ಮಾತ್ರ ಛಲೋ ಅದ, 70 ದಿನದ ಕೆಲಸ, ನೇಟ್ರಾನ್ ಉಪ್ಪಿನ್ಯಾಗ ಒಣಗಿಸೋದು, ಯಕೃತ್ತು, ಪುಪ್ಪುಸ, ಹೊಟ್ಟಿ, ಕರಳು ನಾಕು ಮಡಕ್ಯಾಗ, ಹೃದಯ ಮಾತ್ರ ಮೈಯಾಗೇ ಬಿಡೋದು, ಎಲ್ಲಾ ಸರಿ ಬರ್ದಾರ. ಹಂಗಾದ್ರ ಗಚ್ಚಿನ್ಯಾಗ ಒಂದೇ ಮಡಕಿ ಯಾಕ ಹುಗದ್ರಿ, ನಾಕೂ ಹಾಕ್ಬೇಕಿತ್ತು.

ಕಿಟ್ ಮುಗದ ಮ್ಯಾಲ ಖರೇ ಮಮ್ಮಿ ನೋಡಬೇಕು ಅಂದ್ರ ಕೈರೋಕ್ಕೇ ಹೋಗಬೇಕಂತಿಲ್ಲ, ಹೈದರಾಬಾದಿನ ಪಬ್ಲಿಕ್ ಗಾರ್ಡನ್ ಒಳಗಿನ ಸ್ಟೇಟ್ ಮ್ಯೂಸಿಯಮ್ಮಿನ್ಯಾಗ ಒಂದದ, ಏಳನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ 1930ರಾಗ ಕೊಟ್ಟದ್ದು, ಆಗ ನಮ್ ಗುಲ್ಬರ್ಗಾನೂ ಅದೇ ಸಂಸ್ಥಾನದಾಗ ಇತ್ತು. ನಾಂಪಲ್ಲಿ ಸ್ಟೇಷನ್ನಿಂದ ಹತ್ರ. ಹುಡುಗ್ರಿಗಿ ಮೊದ್ಲು ಹೇಳಿ ಕರ್ಕೊಂಡ್ ಹೋಗ್ರಿ, ಅದು ಒಬ್ಬ ಮನಷ್ಯಾರ ಮೈ, ನಕ್ಕೊಂಡು ಫೋಟೋ ತಗೋಳೋ ಸಾಮಾನಲ್ಲ.

ಐದಕ್ಕ ಮೂರು ಸ್ಟಾರು. ಗಚ್ಚಿನ ಗಟ್ಟಿ ಸಲುವಾಗಿ ತಗೊಳ್ರಿ, ಎಂಟು ವರ್ಷದ ಮ್ಯಾಲಿನ ಮಕ್ಕಳಿಗಿ ಕೊಡ್ರಿ, ಮೂಗಿಗಿ ಕರ್ಚೀಫ್ ಕಟ್ರಿ, ದಪ್ಪ ಬ್ರಷ್ಷೊಂದು ಪೇಂಟಿನ ಅಂಗಡ್ಯಾಗ ಬ್ಯಾರೆ ತಗೊಳ್ರಿ. ಚಾರ್ಟು ನಾವು ತಿರುವಿ ಹಾಕೀವಿ, ಹಿಂದಿನ ಬಿಳಿ ಕಡಿ ಮಗಳು ಸ್ಕೆಚ್ ಪೆನ್ನಿಲೇ ನದಿ ಬರ್ದು, ಎರಡೂ ದಂಡಿಗಿ ಕರಿ ಬಣ್ಣ ಹಚ್ಚಿ ಎರಿ ಅಂತ, ಅದ್ರ ಆಚೀಕ ಕೆಂಪು ಹಚ್ಚಿ ಮಸಾರಿ ಅಂತ ಬರ್ದಾಳ. ಮೆರೆರ್‌ನ ಹಡಗೂ ಅದ, ಅದ್ರಾಗ ಕುಂತ ಮುದುಕನ ಹೆಬ್ಬೆರಳು ಸೊಟ್ಟ ಅದ. ಹರಪ್ಪಾದ್ದು ಇಂಥಾ ಕಿಟ್ ಬಂದ್ರ ಹೇಳ್ರಿ ಅಂತ ಅಂಗಡ್ಯಾಂವಗ ನಂಬರ್ ಕೊಟ್ ಬಂದೀನಿ, ಇನ್ನೂ ಫೋನ್ ಬಂದಿಲ್ಲ.