ಕಮ್ಯುನಿಟಿ ಕಾಲೇಜಿನ ಕೆಮ್ 1ಎ: ಹಣಕ್ಕೂ ಶ್ರಮಕ್ಕೂ ತಕ್ಕ ಕೋರ್ಸ್

ಕ್ಯಾಲಿಫೋರ್ನಿಯದ ಬೇ ಏರಿಯಾದ ಕಮ್ಯುನಿಟಿ ಕಾಲೇಜೊಂದರಲ್ಲಿ (ಪದವಿಯ ಮೊದಲೆರಡು ವರ್ಷಗಳ ಪಾಠ ಮುಗಿಸಿ ವಿಶ್ವವಿದ್ಯಾಲಯಕ್ಕೆ ವರ್ಗಾವಣೆಯಾಗಬಹುದಾದ ಸರ್ಕಾರಿ ಕಾಲೇಜು) ಸಾಮಾನ್ಯ ರಸಾಯನಶಾಸ್ತ್ರದ ಮೊದಲ ಸೆಮಿಸ್ಟರನ್ನು ಡಿಸೆಂಬರ್‌ನಲ್ಲಿ ಮುಗಿಸಿದೆ. ಹಲವು ಕಾಲೇಜುಗಳಲ್ಲಿ ಇದಕ್ಕೆ ಕೆಮ್ 1ಎ ಎಂದು ಹೆಸರು. ಶಿವಮೊಗ್ಗದಲ್ಲಿ ಪಿಯುಸಿ ವಿಜ್ಞಾನ ಓದಿ, ಬಿಎಸ್ಸಿಯನ್ನು ಅರ್ಧಕ್ಕೆ ಬಿಟ್ಟು, ಮದುವೆಯಾಗಿ ಇಲ್ಲಿಗೆ ಬಂದವಳು ನಾನು. ಡೇವಿಸ್‌ನ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯಕ್ಕೆ ವರ್ಗಾವಣೆ ಪಡೆದು ಜೀವರಸಾಯನಶಾಸ್ತ್ರದಲ್ಲಿ ಪದವಿ ಪಡೆಯಬೇಕೆಂಬುದು ನನ್ನ ಗುರಿ. ಇದೇ ದಾರಿಯಲ್ಲಿರುವ ಕನ್ನಡಿಗರಿಗೆ, ಮಕ್ಕಳನ್ನು ಈ ದಾರಿಯಲ್ಲಿ ಕಳುಹಿಸಲು ಹಿಂದೇಟು ಹಾಕುತ್ತಿರುವ ತಂದೆತಾಯಿಯರಿಗೆ ನೆರವಾಗಲಿ ಎಂದು ಬರೆಯುತ್ತಿದ್ದೇನೆ. ನಮ್ಮವರಲ್ಲಿ ಕಮ್ಯುನಿಟಿ ಕಾಲೇಜೆಂದರೆ ಮೂಗು ಮುರಿಯುವವರು ಇಂದಿಗೂ ಇದ್ದಾರೆ. ಬೇರೆಲ್ಲೂ ಸೀಟು ಸಿಗದವರು ಹೋಗುವ ಜಾಗ ಎಂಬ ಮಾತನ್ನು ಹಬ್ಬದ ಊಟದ ಪಂಕ್ತಿಯಲ್ಲೇ ಕೇಳಿದ್ದೇನೆ. ಆ ಮಾತು ತಪ್ಪು.

ಮೊದಲು ಹಣದ ವಿಚಾರ. ರಾಜ್ಯದ ನಿವಾಸಿಗಳಿಗೆ ಯೂನಿಟ್‌ಗೆ, ಅಂದರೆ ಕೋರ್ಸಿನ ಗಾತ್ರವನ್ನು ಅಳೆಯುವ ಒಂದು ಕ್ರೆಡಿಟ್‌ಗೆ, 46 ಡಾಲರ್. ಐದು ಯೂನಿಟ್‌ನ ಈ ಕೋರ್ಸಿಗೆ 230 ಡಾಲರ್, ಜೊತೆಗೆ ಆರೋಗ್ಯ ಶುಲ್ಕದಂಥ ಸಣ್ಣಪುಟ್ಟ ಬಾಬತ್ತುಗಳು. ಆದಾಯ ಕಡಿಮೆ ಇರುವವರಿಗೆ ಆ 46 ಡಾಲರನ್ನೂ ಮನ್ನಾ ಮಾಡುವ ಪ್ರಾಮಿಸ್ ಗ್ರಾಂಟ್ ಇದೆ. ನಮ್ಮ ಅಧ್ಯಾಪಕರು ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್ ಪಠ್ಯವನ್ನು ಇಟ್ಟಿದ್ದರು. ಅದು ಜಾಲದಲ್ಲಿ ಪೂರ್ತಿ ಉಚಿತ. ಅದರ ವಿವರಣೆ ಸಾಲದೆನಿಸಿದಾಗ ನಾನು ಲಿಬ್ರೆಟೆಕ್ಸ್ಟ್ಸ್ ಎಂಬ ಉಚಿತ ಪಠ್ಯಗಳ ಜಾಲತಾಣವನ್ನು ನೋಡುತ್ತಿದ್ದೆ. ಅದು 2008ರಲ್ಲಿ ಕೆಮ್‌ವಿಕಿ ಎಂಬ ಹೆಸರಿನಲ್ಲಿ ಹುಟ್ಟಿದ್ದು ಡೇವಿಸ್‌ನಲ್ಲೇ ಎಂದು ತಿಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಇನ್ನು ಎಡವಬಾರದ ಜಾಗ. ರಸಾಯನಶಾಸ್ತ್ರ ಎಂಬ ಹೆಸರಿನಡಿ ಕಾಲೇಜಿನ ಪಟ್ಟಿಯಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಆರಂಭಿಕ ಕೋರ್ಸುಗಳಿರುತ್ತವೆ. ಹಿಂದೆ ಈ ವಿಷಯವನ್ನು ಓದದವರಿಗೆ ಪೂರ್ವಸಿದ್ಧತೆಯ ಕೋರ್ಸು ಒಂದು. ನರ್ಸಿಂಗ್ ಮತ್ತಿತರ ಆರೋಗ್ಯ ವೃತ್ತಿಗಳಿಗೆ ಹೋಗುವವರಿಗಾಗಿ ಸಾಮಾನ್ಯ, ಸಾವಯವ, ಜೀವರಸಾಯನಗಳನ್ನು ಬೆರೆಸಿ ಹೇಳಿಕೊಡುವ ಕೋರ್ಸು ಇನ್ನೊಂದು. ಕೆಲವೆಡೆ ಅದರ ಸಂಖ್ಯೆ 30ಎ. ಮೂರನೆಯದು ವಿಜ್ಞಾನ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗಿರುವ 1ಎ ಮತ್ತು 1ಬಿ ಜೋಡಿ. ಮೊದಲೆರಡರಲ್ಲೂ ಯೂನಿಟ್ ಸಿಗುತ್ತದೆ, ಅಂಕಪಟ್ಟಿಯಲ್ಲಿ ಎ ಕೂಡ ಸಿಗಬಹುದು. ಆದರೆ ಜೀವರಸಾಯನಶಾಸ್ತ್ರದಂಥ ವಿಷಯ ಹಿಡಿಯುವವರು ತೋರಿಸಬೇಕಾದ ಸಾಮಾನ್ಯ ರಸಾಯನಶಾಸ್ತ್ರದ ಜಾಗವನ್ನು ಅವು ತುಂಬುವುದಿಲ್ಲ. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿ, ಬೇರೊಂದು ಕಾಲೇಜಿನಲ್ಲಿ ಯಾರೋ ಕೌನ್ಸೆಲರ್ ಹೇಳಿದರೆಂದು ಆರೋಗ್ಯ ವಿಭಾಗದ ಕೋರ್ಸು ಮುಗಿಸಿ, ಮತ್ತೆ ಮೊದಲಿನಿಂದ 1ಎಗೆ ಬಂದಿದ್ದಳು. ಅವಳ ಒಂದು ವರ್ಷ ಹೀಗೆ ಕೈಬಿಟ್ಟು ಹೋಯಿತು.

ಆದ್ದರಿಂದ ಯಾರ ಬಾಯಿಮಾತನ್ನೂ ನಂಬಿ ಕೂರದೆ, ಅಸಿಸ್ಟ್ ಜಾಲತಾಣವನ್ನು ನೀವೇ ತೆರೆದು ನೋಡಿ. ನಿಮ್ಮ ಕಾಲೇಜು, ಹೋಗಬೇಕಾದ ವಿಶ್ವವಿದ್ಯಾಲಯ, ಅಲ್ಲಿ ಓದಬೇಕಾದ ವಿಷಯ ಈ ಮೂರನ್ನೂ ಆರಿಸಿದರೆ, ಇಲ್ಲಿನ ಯಾವ ಕೋರ್ಸು ಅಲ್ಲಿನ ಯಾವ ಕೋರ್ಸಿಗೆ ಸಮ ಎಂಬುದು ಎದುರುಬದುರಾಗಿ ಕಾಣುತ್ತದೆ. ಡೇವಿಸ್‌ನಲ್ಲಿ ವರ್ಷವನ್ನು ಕ್ವಾರ್ಟರ್‌ಗಳಾಗಿ ಭಾಗ ಮಾಡಿ ಸಾಮಾನ್ಯ ರಸಾಯನಶಾಸ್ತ್ರವನ್ನು 2ಎ, 2ಬಿ, 2ಸಿ ಎಂದು ಮೂರು ಕಂತುಗಳಲ್ಲಿ ಕಲಿಸುತ್ತಾರೆ. ನಮ್ಮದು ಎರಡು ಸೆಮಿಸ್ಟರ್. ಇಂಥ ಜೋಡಿಯನ್ನು ಒಂದೇ ಕಾಲೇಜಿನಲ್ಲಿ ಮುಗಿಸುವುದು ಕ್ಷೇಮ. ನಡುವೆ ಕಾಲೇಜು ಬದಲಿಸಿದರೆ ಪಾಠಗಳು ಎಲ್ಲಿ ಕೂಡಿಕೊಳ್ಳುತ್ತವೆ ಎಂಬ ತಕರಾರು ಏಳುತ್ತದೆ. ಪ್ರವೇಶ ಖಾತರಿ ಕೊಡುವ ಟ್ಯಾಗ್ ಒಪ್ಪಂದ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಡೇವಿಸ್ ಸೇರಿ ಆರು ಕ್ಯಾಂಪಸ್‌ಗಳಲ್ಲಿದೆ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊಗಳಲ್ಲಿ ಇಲ್ಲ. ಅರ್ಜಿ ಹಾಕುವ ತಿಂಗಳು ಸೆಪ್ಟೆಂಬರ್. ಎಲ್ಲ ವಿಷಯಗಳಿಗೂ ಅದು ಅನ್ವಯಿಸುವುದಿಲ್ಲ, ನೋಡಿಕೊಳ್ಳಿ.

ಈಗ ಕೋರ್ಸಿನ ತಿರುಳಿಗೆ ಬರುತ್ತೇನೆ. ಮೋಲ್ ಲೆಕ್ಕಾಚಾರ, ದ್ರಾವಣಗಳಲ್ಲಿನ ಕ್ರಿಯೆಗಳು, ಅನಿಲಗಳು, ಉಷ್ಣರಸಾಯನ, ಪರಮಾಣು ರಚನೆ, ಬಂಧಗಳು, ಇವು ನಮ್ಮ ಪಾಠಗಳು. ಪಿಯುಸಿ ಓದಿದವರಿಗೆ ಹೆಸರುಗಳೆಲ್ಲ ಪರಿಚಿತವೇ. ಆ ಪರಿಚಯವನ್ನೇ ನಂಬಿ ಕುಳಿತರೆ ಮೊದಲ ಪರೀಕ್ಷೆಯಲ್ಲೇ ಪೆಟ್ಟು ಬೀಳುತ್ತದೆ. ಆವರ್ತ ಕೋಷ್ಟಕವನ್ನೂ ಸೂತ್ರಗಳ ಹಾಳೆಯನ್ನೂ ಅವರೇ ಕೊಡುತ್ತಾರೆ. ಬಾಯಿಪಾಠಕ್ಕೆ ಅಲ್ಲಿ ಬೆಲೆಯಿಲ್ಲ. ಎರಡು ಪದಾರ್ಥಗಳನ್ನು ಬೆರೆಸಿದಾಗ ಮೊದಲು ಯಾವುದು ಮುಗಿಯುತ್ತದೆ, ಇನ್ನೊಂದು ಎಷ್ಟು ಉಳಿಯುತ್ತದೆ, ಅದು ನಿಮಗೆ ಹೇಗೆ ಗೊತ್ತು ಎಂದು ಕೇಳುತ್ತಾರೆ.

ಕೋರ್ಸಿನ ಜೀವಾಳ ಪ್ರಯೋಗಾಲಯ. ತಾಮ್ರದ ಚಕ್ರ ಎಂಬ ಪ್ರಯೋಗವೊಂದನ್ನೇ ಹೇಳುತ್ತೇನೆ. ತಾಮ್ರದ ತಂತಿಯ ಚೂರನ್ನು ತೂಗಿ, ಹೊಗೆ ಹೀರುವ ಗೂಡಿನೊಳಗೆ ನೈಟ್ರಿಕ್ ಆಮ್ಲ ಹಾಕುತ್ತೇವೆ. ಕಂದು ಹೊಗೆ ಏಳುತ್ತದೆ, ತಂತಿ ಕರಗುತ್ತದೆ, ನೀರು ಬೆರೆಸಿದರೆ ನೀಲಿ ದ್ರಾವಣ ಉಳಿಯುತ್ತದೆ. ಸೋಡಿಯಂ ಹೈಡ್ರಾಕ್ಸೈಡ್ ಬಿಟ್ಟಾಗ ತಿಳಿನೀಲಿ ಲೋಳೆಯಂಥ ಗಸಿ ಕೂಡುತ್ತದೆ. ಕಾಯಿಸಿದರೆ ಅದು ಕಣ್ಣೆದುರೇ ಕಪ್ಪಾಗುತ್ತದೆ. ಆಗ ಕಡ್ಡಿಯಾಡಿಸುತ್ತಲೇ ಇರಬೇಕು, ಇಲ್ಲದಿದ್ದರೆ ತಳದಿಂದ ಉಕ್ಕಿ ಹೊರಚಿಮ್ಮುತ್ತದೆ. ತೊಳೆದು ಸಲ್ಫ್ಯೂರಿಕ್ ಆಮ್ಲ ಹಾಕಿದರೆ ಮತ್ತೆ ನೀಲಿ. ಕೊನೆಗೆ ಸತುವನ್ನು ಹಾಕಿದಾಗ ಗುಳ್ಳೆಗಳೇಳುತ್ತಾ ನೀಲಿ ಬಣ್ಣ ಮಾಯವಾಗಿ, ಕೆಂಪು ಪುಡಿಯಾಗಿ ಅದೇ ತಾಮ್ರ ತಳದಲ್ಲಿ ಕೂರುತ್ತದೆ. ಒಣಗಿಸಿ ತೂಗಬೇಕು.

ಪಕ್ಕದ ಮೇಜಿನವರಿಗೆ ಆರಂಭದಲ್ಲಿ ಹಾಕಿದ್ದಕ್ಕಿಂತ ಹೆಚ್ಚು ತಾಮ್ರ ಬಂದಿತ್ತು. ಅಧ್ಯಾಪಕರು ಅಂಕ ಕಳೆಯಲಿಲ್ಲ. ಅವರ ಮೇಜಿನ ಬಳಿ ನಿಂತು, ಹೆಚ್ಚಿನ ತೂಕ ಎಲ್ಲಿಂದ ಬಂದಿರಬಹುದು ಎಂದು ಕೇಳಿದರು. ಒಬ್ಬ ನೀರು ಎಂದ, ಇನ್ನೊಬ್ಬಳು ಕರಗದೆ ಉಳಿದ ಸತು ಎಂದಳು. ಎರಡರಲ್ಲಿ ಯಾವುದೆಂದು ತಿಳಿಯುವುದು ಹೇಗೆ ಎಂಬುದು ಅವರ ಮರುಪ್ರಶ್ನೆ. ಮತ್ತೆ ಒಣಗಿಸಿ ತೂಗಿದರು, ತೂಕ ಇಳಿಯಿತು. ಇನ್ನೂ ಹೆಚ್ಚೇ ಇತ್ತು. ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿಟ್ಟಾಗ, ತಾಮ್ರದಿಂದ ಏಳದ, ಸತುವಿನಿಂದ ಏಳುವ ಸಣ್ಣ ಗುಳ್ಳೆಗಳೂ ಎದ್ದವು. ಇಬ್ಬರ ಮಾತೂ ನಿಜವಾಗಿತ್ತು. ನಾನು ಪಿಯುಸಿ ಓದಿದ ಪ್ರಯೋಗಾಲಯದಲ್ಲಿ ಲವಣ ವಿಶ್ಲೇಷಣೆಯ ಉತ್ತರ ಸರಿ ಬಂದರೆ ಮುಗಿಯಿತು, ಬಾರದಿದ್ದರೆ ರೆಕಾರ್ಡ್ ಪುಸ್ತಕದಲ್ಲಿ ಸರಿಯಾಗುತ್ತಿತ್ತು. ಇಲ್ಲಿ ನೋಟ್‌ಬುಕ್‌ನಲ್ಲಿ ಪೆನ್ನಿನಿಂದಲೇ ಬರೆಯಬೇಕು, ಹೊಡೆದುಹಾಕಿದ ಅಂಕಿಯೂ ಓದುವಂತಿರಬೇಕು. ಇದನ್ನು ನನಗೆ ಹದಿನೇಳರ ಪ್ರಾಯದಲ್ಲೇ ಯಾರಾದರೂ ಕಲಿಸಿದ್ದರೆ ಎಂದು ಅನೇಕ ಸಲ ಅನ್ನಿಸಿದೆ.

ಇಂಥ ಗಮನ ಸಾಧ್ಯವಾಗುವುದು ತರಗತಿ ಚಿಕ್ಕದಿರುವುದರಿಂದ. ಉಪನ್ಯಾಸ ಕೊಡುವವರೇ ನಮ್ಮ ಪ್ರಯೋಗಾಲಯದಲ್ಲೂ ಮೇಜಿನಿಂದ ಮೇಜಿಗೆ ನಡೆದು ಬರುತ್ತಿದ್ದರು. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಈ ಹಂತದ ಉಪನ್ಯಾಸಕ್ಕೆ ನೂರಾರು ಮಂದಿ ಕೂರುತ್ತಾರೆ, ಪ್ರಯೋಗಾಲಯವನ್ನು ಸಂಶೋಧನಾ ವಿದ್ಯಾರ್ಥಿಗಳು ನೋಡಿಕೊಳ್ಳುತ್ತಾರೆ.

ಕೊರತೆಗಳೂ ಇವೆ. ಪಠ್ಯ ಉಚಿತವಾದರೂ ಮನೆಗೆಲಸದ ತಂತ್ರಾಂಶಕ್ಕೆ ಬೇರೆ ಹಣ ಕೊಡಬೇಕಾಯಿತು. ದಾರಿ ಸರಿಯಿದ್ದರೂ ಕೊನೆಯ ಅಂಕಿಯಲ್ಲಿ ವ್ಯತ್ಯಾಸವಿದ್ದರೆ ಅದು ಉತ್ತರವನ್ನು ತಳ್ಳಿಹಾಕುತ್ತದೆ, ಎಲ್ಲಿ ತಪ್ಪಿತೆಂದು ಹೇಳುವುದಿಲ್ಲ. ಕ್ವಾಂಟಂ ಸಂಖ್ಯೆಗಳ ಪಾಠವನ್ನು ಓಡಿಸಿಬಿಟ್ಟರು. ಅದನ್ನು ಕಾಲೇಜಿನ ಉಚಿತ ಟ್ಯೂಟರಿಂಗ್ ಕೇಂದ್ರದಲ್ಲಿ ಕುಳಿತು ಕಲಿಯಬೇಕಾಯಿತು. ಎಲ್ಲಕ್ಕಿಂತ ದೊಡ್ಡ ತೊಂದರೆ ಸೀಟಿನದು. ಪ್ರಯೋಗಾಲಯದ ಮೇಜುಗಳಿರುವಷ್ಟೇ ಮಂದಿಗೆ ಜಾಗ, ಸಂಜೆಯ ವಿಭಾಗ ಒಂದೇ. ಕೆಲಸ ಅಥವಾ ಮಗು ಇರುವವರಿಗೆ ಅದು ಕೈತಪ್ಪಿದರೆ ಒಂದು ಸೆಮಿಸ್ಟರೇ ಹೋದಂತೆ. ಕಾಯುವ ಪಟ್ಟಿಯಲ್ಲಿದ್ದರೆ ಮೊದಲ ದಿನ ತಪ್ಪದೆ ತರಗತಿಗೆ ಹೋಗಿ ಕುಳಿತುಕೊಳ್ಳಿ. ಬಾರದವರ ಹೆಸರು ತೆಗೆದು ಅಲ್ಲಿರುವವರಿಗೆ ಕೊಡುತ್ತಾರೆ.

ಕೆಲವೆಡೆ ಇದೇ ಕೋರ್ಸನ್ನು ಬೇಸಿಗೆಯ ಆರೆಂಟು ವಾರಗಳಲ್ಲಿ ಮುಗಿಸುವ ಅವಕಾಶವಿದೆ. ಮನೆಯ ಜವಾಬ್ದಾರಿ ಇರುವವರಿಗೆ, ಗಣಿತ ಬಿಟ್ಟು ವರ್ಷಗಳಾದವರಿಗೆ ಅದನ್ನು ನಾನು ಖಂಡಿತ ಸೂಚಿಸುವುದಿಲ್ಲ. ಎರಡು ಪ್ರಯೋಗಗಳ ನಡುವೆ ವರದಿ ಬರೆಯಲು ಬಿಡುವೇ ಸಿಗದಿದ್ದರೆ ಮೇಲೆ ಹೇಳಿದ ಲಾಭವೆಲ್ಲ ನಷ್ಟ. ನಾನು 1ಬಿಯನ್ನು ಇದೇ ಕಾಲೇಜಿನಲ್ಲಿ, ಇದೇ ಅಧ್ಯಾಪಕರ ಸಂಜೆಯ ವಿಭಾಗದಲ್ಲಿ ನೋಂದಾಯಿಸಿಕೊಂಡಿದ್ದೇನೆ. ಕ್ರಿಯಾವೇಗ, ಸಮತೋಲನ, ಆಮ್ಲ ಮತ್ತು ಪ್ರತ್ಯಾಮ್ಲ, ವಿದ್ಯುದ್ರಸಾಯನ ಅದರಲ್ಲಿವೆ. ಜನವರಿ ಕೊನೆಯಲ್ಲಿ ತರಗತಿ ಆರಂಭ.