ಟಿಕೆಟ್ ಹಗುರವಾಯಿತು, ಬಸ್ಸು ಹತ್ತುವುದು ಹೇಗೆ? ಹಳ್ಳಿಯ ಹಿರಿಯರ ಸಾರಿಗೆ ಸೇವೆಯ ಒಂದು ವಿಮರ್ಶೆ

ಹಳ್ಳಿಯಲ್ಲಿರುವ ಅರವತ್ತು ದಾಟಿದವರಿಗೆ ತಾಲ್ಲೂಕು ಆಸ್ಪತ್ರೆ, ಬ್ಯಾಂಕು, ನಾಡಕಚೇರಿ, ಸಂತೆ, ಮಗಳ ಮನೆ, ಎಲ್ಲಿಗೆ ಹೋಗಬೇಕಾದರೂ ಆಸರೆಯಾಗಿರುವುದು ಸರ್ಕಾರಿ ಬಸ್ಸು. ಸ್ವಂತ ಬೈಕ್ ಓಡಿಸುವ ವಯಸ್ಸು ಮುಗಿದಿರುತ್ತದೆ, ಕರೆದೊಯ್ಯಬೇಕಾದ ಮಕ್ಕಳು ಬೆಂಗಳೂರಿನಲ್ಲಿರುತ್ತಾರೆ, ಆಟೊ ಬಾಡಿಗೆ ಕೈಗೆಟುಕುವುದಿಲ್ಲ. ಕರ್ನಾಟಕದ ಸಾರಿಗೆ ನಿಗಮಗಳು ಗ್ರಾಮಾಂತರ ಮಾರ್ಗಗಳಲ್ಲಿ ಕೊಡುತ್ತಿರುವ ಸೇವೆಯನ್ನು ಇಂಥವರ ಕಡೆಯಿಂದ ನೋಡಿದರೆ, ದರದ ಪ್ರಶ್ನೆಗೆ ಬಹುಮಟ್ಟಿಗೆ ಉತ್ತರ ಸಿಕ್ಕಿದೆ; ಬಸ್ಸು ಹತ್ತುವ ಮತ್ತು ಮನೆಗೆ ಮರಳುವ ಪ್ರಶ್ನೆಗಳನ್ನು ಮಾತ್ರ ಯಾರೂ ಕೈಗೆತ್ತಿಕೊಂಡಂತೆ ಕಾಣುವುದಿಲ್ಲ.

ಮೊದಲು ದರದ ಮಾತು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ರಾಜ್ಯದೊಳಗಿನ ಪ್ರಯಾಣ ಉಚಿತವಾಗಿದೆ. ಇದರ ಚರ್ಚೆಯೆಲ್ಲ ಉದ್ಯೋಗಕ್ಕೆ ಹೋಗುವ ಹೆಂಗಸರ ಸುತ್ತಲೇ ನಡೆದರೂ, ನನ್ನ ಗಮನಕ್ಕೆ ಬಂದ ಮಟ್ಟಿಗೆ ಇದರಿಂದ ಹೆಚ್ಚು ಬದಲಾದದ್ದು ಅಜ್ಜಿಯರ ದಿನಚರಿ. ತಿಂಗಳಿಗೆ 1,200 ರೂಪಾಯಿ ಸಂಧ್ಯಾ ಸುರಕ್ಷಾ ಪಿಂಚಣಿ ನಂಬಿಕೊಂಡ ಹೆಂಗಸು ಸಕ್ಕರೆ ಕಾಯಿಲೆಯ ಮಾತ್ರೆ ತರಲು ಈಗ ಸೊಸೆಯ ಮುಂದೆ ಬಸ್ ಚಾರ್ಜಿಗೆ ಕೈಯೊಡ್ಡಬೇಕಾಗಿಲ್ಲ. ಗಂಡಸರ ಪಾಲಿಗೆ ಇರುವುದು ಹಳೆಯ ರಿಯಾಯಿತಿ: ಅರವತ್ತು ತುಂಬಿದ ರಾಜ್ಯದ ನಿವಾಸಿಗಳಿಗೆ ಶೇ. 25. ಒಂದೇ ಸೀಟಿನಲ್ಲಿ ಕುಳಿತ ದಂಪತಿಗಳಲ್ಲಿ ಹೆಂಡತಿಯದು ಶೂನ್ಯ ಮೊತ್ತದ ಟಿಕೆಟ್, ಗಂಡನದು ಮುಕ್ಕಾಲು ದರದ ಟಿಕೆಟ್. 2025ರ ಜನವರಿಯಲ್ಲಿ ದರ ಶೇ. 15ರಷ್ಟು ಏರಿದಾಗ ಅದರ ಬಿಸಿ ತಟ್ಟಿದ್ದೂ ಈ ಅಜ್ಜಂದಿರಿಗೇ. ಆದರೂ 2020ರ ಮಾರ್ಚಿನಲ್ಲಿ ಹಿರಿಯರ ರಿಯಾಯಿತಿಯನ್ನು ನಿಲ್ಲಿಸಿದ ರೈಲ್ವೆಯ ಜೊತೆ ಹೋಲಿಸಿದರೆ, ಬಸ್ಸಿನಲ್ಲಿ ಅದು ಉಳಿದುಕೊಂಡಿರುವುದನ್ನು ಸಣ್ಣ ಸಂಗತಿ ಎನ್ನಲಾಗದು.

ರಿಯಾಯಿತಿ ಸಿಗಬೇಕಾದರೆ ಗುರುತಿನ ಚೀಟಿ ತೋರಿಸಬೇಕು. ನಮ್ಮ ಮಾರ್ಗದಲ್ಲಿ ಅಜ್ಜಿಯರು ಲ್ಯಾಮಿನೇಷನ್ ಮಾಡಿಸಿದ ಆಧಾರ್ ಕಾರ್ಡನ್ನು ಎಲೆಅಡಿಕೆ ಚೀಲದಲ್ಲೇ ಇಟ್ಟುಕೊಂಡಿರುತ್ತಾರೆ; ಕಂಡಕ್ಟರ್ ಹತ್ತಿರ ಬಂದೊಡನೆ ಸುಣ್ಣದ ಡಬ್ಬಿ, ಅಡಿಕೆ ಹೋಳು, ಮಡಿಸಿದ ನೋಟು ಎಲ್ಲವನ್ನೂ ಮಡಿಲಿಗೆ ಸುರಿದುಕೊಂಡು, ಸುಣ್ಣದ ಬೆರಳಚ್ಚು ಬಿದ್ದ ಆ ಕಾರ್ಡನ್ನು ಹೊರತೆಗೆಯುತ್ತಾರೆ. "ಇರ್ಲಿ ಬಿಡಿ ಅಜ್ಜಿ, ಹೋದ ವಾರಾನೂ ನೋಡಿದೀನಿ" ಎಂದು ನಗುತ್ತಲೇ ಟಿಕೆಟ್ ಹರಿದು ಕೊಡುವ ಕಂಡಕ್ಟರುಗಳಿದ್ದಾರೆ. ಆ ಶೂನ್ಯ ಮೊತ್ತದ ಟಿಕೆಟ್ಟನ್ನು ಬೇಡವೆನ್ನುವಂತಿಲ್ಲ, ಏಕೆಂದರೆ ಅದರ ಲೆಕ್ಕದ ಮೇಲೆಯೇ ಸರ್ಕಾರ ನಿಗಮಗಳಿಗೆ ಹಣ ತುಂಬಿಕೊಡುತ್ತದೆ. ಅಜ್ಜಂದಿರ ಕಥೆ ಬೇರೆ. ರಿಯಾಯಿತಿ ಇದೆಯೆಂದು ಗೊತ್ತಿದ್ದರೂ ಬಾಯಿಬಿಟ್ಟು ಕೇಳುವುದಕ್ಕೆ ಸಂಕೋಚಪಟ್ಟು ಪೂರ್ತಿ ದುಡ್ಡು ಕೊಡುವವರು ಕಡಿಮೆಯಿಲ್ಲ. ನರೆತ ತಲೆಯನ್ನು ಕಂಡಾಗ ಕಂಡಕ್ಟರೇ "ಸೀನಿಯರ್ ಸಿಟಿಜನ್ನಾ ಯಜಮಾನ್ರೇ?" ಎಂದು ಕೇಳುವ ರೂಢಿ ಎಲ್ಲೆಡೆ ಬಂದರೆ ಖರ್ಚಿಲ್ಲದೆ ಆಗುವ ಸುಧಾರಣೆ ಅದು.

ಇನ್ನು ಮೆಟ್ಟಿಲು. ಬೆಂಗಳೂರಿನ ಕೆಲವು ಬಸ್ಸುಗಳಲ್ಲಿರುವ ತಗ್ಗು ನೆಲದ ಸೌಕರ್ಯ ಹಳ್ಳಿ ಮಾರ್ಗಗಳಿಗೆ ಬಂದಿಲ್ಲ. ಗುಂಡಿ ಬಿದ್ದ ರಸ್ತೆಯಲ್ಲಿ ಅಂಥ ಬಸ್ಸು ಓಡಲಾರದು ಎಂಬ ವಾದದಲ್ಲಿ ಹುರುಳಿದೆಯೆಂದೇ ಒಪ್ಪೋಣ. ಆದರೆ ಮೊದಲ ಮೆಟ್ಟಿಲಿಗೂ ನೆಲಕ್ಕೂ ಇರುವ ಅಂತರ ಮಂಡಿನೋವಿನವರಿಗೆ ಎಷ್ಟು ದೊಡ್ಡದೆಂಬುದನ್ನು ನಿಲ್ದಾಣದಲ್ಲಿ ಹತ್ತು ನಿಮಿಷ ನಿಂತರೆ ಯಾರೂ ಕಾಣಬಹುದು. ಊರುಗೋಲನ್ನು ಮೊದಲು ಒಳಗೆ ಹಾಕಿ, ಎರಡೂ ಕೈಯಿಂದ ಕಂಬಿ ಹಿಡಿದು, ನೋವಿಲ್ಲದ ಕಾಲನ್ನು ಮೇಲಿಟ್ಟು, ಹಿಂದಿದ್ದವರು ಸೊಂಟಕ್ಕೆ ಕೈಕೊಟ್ಟಾಗಲೇ ದೇಹ ಏರುವುದು. ಇಳಿಯುವಾಗ ಇನ್ನೂ ಕಷ್ಟ, ಏಕೆಂದರೆ ಡ್ರೈವರ್ ರಸ್ತೆಯಂಚಿನ ಇಳಿಜಾರಿನಲ್ಲಿ ನಿಲ್ಲಿಸಿದರೆ ಮೆಟ್ಟಿಲು ಮತ್ತಷ್ಟು ಎತ್ತರವಾಗುತ್ತದೆ. ಸಾರಿಗೆ ವ್ಯವಸ್ಥೆ ಎಲ್ಲರಿಗೂ ಹತ್ತಲು ಬರುವಂತಿರಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುತ್ತದೆ. ಹಳ್ಳಿ ಬಸ್ಸಿಗೆ ಕೆಳಗೊಂದು ಮಡಿಸುವ ಮೆಟ್ಟಿಲು, ಬಾಗಿಲ ಎರಡೂ ಬದಿಗೆ ಉದ್ದನೆಯ ಹಿಡಿಕಂಬಿ ಹಾಕಿಸುವುದಕ್ಕೆ ವಿದೇಶಿ ತಂತ್ರಜ್ಞಾನವೇನೂ ಬೇಕಾಗಿಲ್ಲ. ಹಿರಿಯ ನಾಗರಿಕರಿಗೆಂದು ಬರೆದಿರುವ ಸೀಟುಗಳ ವಿಷಯವನ್ನು ಬೆಳೆಸುವುದಿಲ್ಲ. ಅಲ್ಲಿ ಕುಳಿತ ಕಾಲೇಜು ಹುಡುಗರು ಎದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ನಿಜವಾದ ತೊಡಕಿರುವುದು ವೇಳಾಪಟ್ಟಿಯಲ್ಲಿ. ಹಳ್ಳಿ ಬಸ್ಸುಗಳ ಓಡಾಟ ಸಾಮಾನ್ಯವಾಗಿ ಶಾಲೆ, ಕಾಲೇಜು, ಕಚೇರಿಗಳ ಹೊತ್ತಿಗೆ ಹೊಂದಿಕೊಂಡಿರುತ್ತದೆ: ಬೆಳಿಗ್ಗೆ ಪೇಟೆಯ ಕಡೆಗೆ, ಸಂಜೆ ಊರ ಕಡೆಗೆ. ರಾತ್ರಿ ಊರಿನಲ್ಲೇ ತಂಗುವ ಬಸ್ಸಿದ್ದರೆ ನಸುಕಿನಲ್ಲೇ ಹೊರಡಬಹುದು, ಅದು ದೊಡ್ಡ ಅನುಕೂಲ. ಆದರೆ ಬೆಳಿಗ್ಗೆಯ ಆ ಬಸ್ಸಿನಲ್ಲಿ ವಿದ್ಯಾರ್ಥಿಗಳ ಬ್ಯಾಗುಗಳ ನಡುವೆ ಜೋತಾಡುತ್ತಾ ಹೋಗುವ ಹಿರಿಯರು ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ, ವೈದ್ಯರಿಗೆ ತೋರಿಸಿ, ಔಷಧಿ ತೆಗೆದುಕೊಳ್ಳುವಷ್ಟರಲ್ಲಿ ಮಧ್ಯಾಹ್ನವಾಗಿರುತ್ತದೆ. ಮರಳುವ ಬಸ್ಸು ಇರುವುದು ಶಾಲೆ ಬಿಟ್ಟ ಮೇಲೆ. ನಡುವಿನ ಹೊತ್ತನ್ನು ಅವರು ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕಳೆಯಬೇಕು. ಸಕ್ಕರೆ ಕಾಯಿಲೆಯವರಿಗೆ ಊಟದ ಹೊತ್ತು ಮೀರುವುದೂ ಅಲ್ಲೇ, ಶೌಚಾಲಯಕ್ಕೆ ಹೋದ ಹೊತ್ತಿಗೆ ಬಸ್ಸು ಬಂದುಬಿಟ್ಟರೆ ಎಂಬ ಆತಂಕವೂ ಅಲ್ಲೇ. ಕಾಯಲಾರದೆ ಆಟೊ ಹತ್ತಿದರೆ ಉಚಿತ ಟಿಕೆಟ್ಟಿನಲ್ಲಿ ಉಳಿದದ್ದಕ್ಕಿಂತ ಹೆಚ್ಚೇ ಖರ್ಚಾಗುತ್ತದೆ. ಹೋಬಳಿಗೊಂದು ಬಸ್ಸು ಮಧ್ಯಾಹ್ನ ಒಂದೂವರೆ, ಎರಡರ ಹೊತ್ತಿಗೆ ಆಸ್ಪತ್ರೆಯ ಮುಂದಿನಿಂದಲೇ ಹೊರಡುವಂತಾದರೆ, ನನ್ನ ಮಟ್ಟಿಗೆ ಅದು ಇನ್ನೊಂದು ರಿಯಾಯಿತಿಗಿಂತ ಮೇಲು. ಹಿರಿಯರಿಗೆ ಆಸ್ಪತ್ರೆಗಳಲ್ಲಿ ಪ್ರತ್ಯೇಕ ಸರತಿ ಇರಬೇಕೆಂದು 2007ರ ಹಿರಿಯ ನಾಗರಿಕರ ಕಾಯ್ದೆ ಹೇಳುತ್ತದೆ. ಆಸ್ಪತ್ರೆಯಿಂದ ಮನೆಗೆ ಹೋಗುವುದು ಹೇಗೆಂಬುದಕ್ಕೆ ಮಾತ್ರ ಅದರಲ್ಲಿ ಅಧ್ಯಾಯವಿಲ್ಲ.

ಇಷ್ಟೆಲ್ಲ ಹೇಳುವುದೂ ಸರ್ಕಾರಿ ಬಸ್ಸು ಬರುವ ಊರುಗಳ ಮಾತು. ಮಲೆನಾಡು, ಕರಾವಳಿಗಳಲ್ಲಿ ಖಾಸಗಿ ಬಸ್ಸುಗಳೇ ಹೆಚ್ಚಾಗಿರುವ ಮಾರ್ಗಗಳಿವೆ, ಶಕ್ತಿ ಯೋಜನೆ ಅವುಗಳಿಗೆ ಅನ್ವಯಿಸುವುದಿಲ್ಲ. ಕೊಪ್ಪದಲ್ಲಿ ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿದ ಸಹಕಾರ ಸಾರಿಗೆ ಸಂಸ್ಥೆ ಮಲೆನಾಡಿನ ಒಳದಾರಿಗಳಿಗೆ ಬಸ್ಸು ಓಡಿಸುತ್ತಿತ್ತು. 2020ರಲ್ಲಿ ಅದು ನಿಂತುಹೋದಾಗ ಹೆಚ್ಚು ಕಂಗಾಲಾದವರಲ್ಲಿ ವಯಸ್ಸಾದವರೂ ಇದ್ದರು. ಬಸ್ಸೇ ಬಾರದ ಊರಿನ ಅಜ್ಜಿಗೆ ಉಚಿತ ಟಿಕೆಟ್ಟಿನಿಂದ ಆಗುವುದೇನು?

ಸಿಬ್ಬಂದಿಯ ಬಗ್ಗೆ ನನ್ನ ಅಭಿಪ್ರಾಯ ಒಳ್ಳೆಯದೇ. ಪಟ್ಟಿಯಲ್ಲಿಲ್ಲದ ತೋಟದ ಗೇಟಿನ ಮುಂದೆ ನಿಲ್ಲಿಸುವ, ಅಕ್ಕಿ ಚೀಲ ಇಳಿಸಿಕೊಡುವ, "ಕೂತ್ಮೇಲೆ ಹೊರಡೋಣ ರೈಟ್ ಹೇಳ್ಬೇಡ" ಎಂದು ಕಂಡಕ್ಟರನಿಗೆ ಕೂಗಿ ಹೇಳುವ ಡ್ರೈವರುಗಳನ್ನು ಕಂಡಿದ್ದೇನೆ. ಇಂಥ ಸೌಜನ್ಯ ಆಯಾ ವ್ಯಕ್ತಿಯ ಸ್ವಭಾವವನ್ನು ಅವಲಂಬಿಸಿರುವುದರಿಂದ ಡ್ಯೂಟಿ ಬದಲಾದೊಡನೆ ಬಸ್ಸಿನ ಸ್ವಭಾವವೂ ಬದಲಾಗುತ್ತದೆ. ಮನೆಯ ಹಿರಿಯರನ್ನು ಒಬ್ಬರನ್ನೇ ಕಳುಹಿಸುವವರು ಕಾಲೇಜಿನ ಹೊತ್ತು ಕಳೆದ ಮೇಲಿನ ಬಸ್ಸನ್ನು ಆರಿಸಿಕೊಳ್ಳಲಿ, ವಿಳಾಸವಿರುವ ಗುರುತಿನ ಚೀಟಿ ಮತ್ತು ತಿನ್ನಲು ಏನಾದರೂ ಚೀಲದಲ್ಲಿ ಇಡಲಿ, ಮರಳುವ ಬಸ್ಸಿನ ಹೊತ್ತನ್ನು ಕಂಡಕ್ಟರನ ಬಳಿಯೇ ಕೇಳಿಕೊಳ್ಳಲು ಹೇಳಲಿ. ಅಂಗವೈಕಲ್ಯದ ಗುರುತಿನ ಚೀಟಿ ಇರುವವರಿಗೆ ವಾಸಸ್ಥಳದಿಂದ 100 ಕಿ.ಮೀ. ವರೆಗಿನ ರಿಯಾಯಿತಿ ಪಾಸು ಬೇರೆಯಾಗಿಯೇ ಇದೆ, ಶೇ. 25ರ ಟಿಕೆಟ್ಟಿಗಿಂತ ಅದು ಲಾಭದಾಯಕ, ಅರ್ಹರಾದ ಅಜ್ಜಂದಿರು ಅದನ್ನು ಮಾಡಿಸಿಕೊಳ್ಳುವುದು ಒಳಿತು.